ಪರಾತದ ಬೆಳಕಿನಲ್ಲಿ ಅತ್ಯಾ

ನನ್ನ ಕ್ಯಾಮೆರಾ ಚೀಲ ಎಲ್ಲಿಗೆ ಹೋದರೂ ಅದರ ಹಿಂದೆ ಒಂದು ಪರಾತ ಬರುತ್ತದೆ. ಹೌದು, ರೊಟ್ಟಿಯ ಹಿಟ್ಟು ನಾದುವ ಪರಾತವೇ. ಸ್ಟೀಲಿನದು, ಎತ್ತಿ ಎದೆಗೆ ಹಿಡಿದರೆ ಹೊಟ್ಟೆಯವರೆಗೆ ಮುಚ್ಚುವಷ್ಟು ಅಗಲ. ಹೋದ ವಾರ ಮಂಠಾಳದ ಒಂದು ಮದುವೆಗೆ ಫೋಟೋ ತೆಗೆಯಲು ಹೋಗಿದ್ದೆ. ಆಟೋದಿಂದ ಪರಾತ ಇಳಿಸುತ್ತಿದ್ದಾಗ ವರನ ಕಡೆಯ ಹಿರಿಯರೊಬ್ಬರು ಓಡಿ ಬಂದು, "ಅಡಗಿ ಮಂದಿ ಹಿಂದಿನ ಬಾಗಿಲಕ್ಕ ಹೋಗ್ರಿ ಬಾಯಿ" ಎಂದು ದಾರಿ ತೋರಿಸಿದರು.

"ನಾ ಫೋಟೋ ತೆಗ್ಯಾಕಿ ಇದ್ದೀನ್ರಿ" ಎಂದೆ.

ಅವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಪರಾತವನ್ನು ನೋಡಿದರು. "ಫೋಟೋನೂ ಈಗ ನಾದಿ ಮಾಡ್ತಾರೇನ್ರಿ?" ಎಂದು ಕೇಳಿದರು. ಪಾಪ, ಕುಚೋದ್ಯಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು.

ನಾನು ಪರಾತವನ್ನು ಬಿಸಿಲಿಗೆ ಹಿಡಿದು ಅದರ ಬೆಳಕನ್ನು ಅವರ ಮುಖದ ಮೇಲೆ ಬಿಟ್ಟೆ. ಸುಕ್ಕು ಮುಖವೆಲ್ಲ ಒಮ್ಮೆಲೇ ಹೊಳೆಯಿತು. ಪಕ್ಕದಲ್ಲಿದ್ದವರು, "ಅಣ್ಣಾ, ನೀನೇ ಮದಿಮಗ ಕಂಡಂಗ ಕಾಣಾಕತ್ತಿ ನೋಡು" ಎಂದರು. ಹಿರಿಯರು ಪೇಟ ಸರಿಮಾಡಿಕೊಂಡು ಮದುವೆ ಮುಗಿಯುವವರೆಗೂ ಪರಾತದ ಆಸುಪಾಸಿನಲ್ಲಿಯೇ ಇದ್ದರು.

ಆ ಪರಾತದ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಒಂದು ಹೆಸರಿದೆ: ಶಾಂತಾಬಾಯಿ, ಹುಲಸೂರ. ಶಾಂತಾಬಾಯಿ ಎಂದರೆ ನನ್ನ ಅತ್ಯಾ, ಅಪ್ಪನ ತಂಗಿ. ಮದುವೆಯಾದ ಹೊಸದರಲ್ಲಿ ಅವಳ ಗಂಡ, ಅಂದರೆ ನಮ್ಮ ಮಾಮಾ, ಹುಮನಾಬಾದಿನ ಬಜಾರಿನಲ್ಲಿ ಕೊಂಡು, ಅಲ್ಲಿಯೇ ನಿಂತು ಹೆಸರು ಕೊರೆಸಿ, ತಾನು ಕಂಡಕ್ಟರ್ ಆಗಿದ್ದ ಬಸ್ಸಿನಲ್ಲಿಯೇ ಹೊತ್ತು ತಂದಿದ್ದನಂತೆ. ಇಂಥ ಪರಾತ ನನ್ನ ಕೈಗೆ ಹೇಗೆ ಬಂತು ಎಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ, ಈ ಪ್ರಬಂಧ ಬರೆಯಲು ಕುಳಿತದ್ದೇ ಅದಕ್ಕಾಗಿ.

ಮೊದಲು ಅತ್ಯಾಳ ಕಣ್ಣಿನ ವಿಷಯ ಹೇಳಬೇಕು. ಅವಳ ಕಣ್ಣು ಚೆನ್ನಾಗಿವೆ. ಜೋಳದಲ್ಲಿ ಹರಳು ಇದ್ದರೆ ಮೊರ ಕೈಗೆ ಬರುವ ಮುಂಚೆಯೇ ಕಂಡುಹಿಡಿಯುತ್ತಾಳೆ. ಆದರೆ ಎದುರಿಗೆ ಕ್ಯಾಮೆರಾ ಬಂತೋ, ಆ ಕಣ್ಣು ಮುಚ್ಚಿಕೊಳ್ಳುತ್ತವೆ. ಫ್ಲ್ಯಾಶ್ ಇರಲಿ ಬಿಡಲಿ, ಮೊಬೈಲ್ ಇರಲಿ ದೊಡ್ಡ ಕ್ಯಾಮೆರಾ ಇರಲಿ, ಬಟನ್ ಒತ್ತುವುದಕ್ಕೂ ಅವಳ ರೆಪ್ಪೆ ಬೀಳುವುದಕ್ಕೂ ತಪ್ಪದ ಜೋಡಿ. ಆಧಾರ್ ಕಾರ್ಡಿನವರು ಬೆವರಿಳಿಸಿ ಬೆವರಿಳಿಸಿ ಕೊನೆಗೆ ಅರ್ಧ ಕಣ್ಣಿಗೇ ಸಮಾಧಾನ ಮಾಡಿಕೊಂಡರು. ಮದುವೆಯ ಫೋಟೋ ಇರುವುದು ಒಂದೇ. ಅದರಲ್ಲಿ ಮಾಮಾ ಎರಡೂ ಕಣ್ಣು ಅರಳಿಸಿಕೊಂಡು ನಿಂತಿದ್ದಾನೆ, ಪಕ್ಕದಲ್ಲಿ ಅತ್ಯಾ ಗಡದ್ದಾಗಿ ನಿದ್ದೆ ಮಾಡಿದ್ದಾಳೆ.

ಮಾಮಾ ಬಂದವರಿಗೆಲ್ಲ ಆ ಫೋಟೋ ತೋರಿಸಿ ಹೇಳುತ್ತಿದ್ದ. "ನೋಡ್ರಿ, ನಾ ಕನ್ಯಾ ನೋಡಾಕ ಹೋದಾಗ ಬಲಗಲ್ಲದ ಮಚ್ಚಿ ಒಂದು ಬಿಟ್ಟು ಏನೂ ಕಾಣಿಸಿರಲಿಲ್ಲ. ಮಚ್ಚಿ ಗುರುತಿನ ಮ್ಯಾಲೇ ಮದಿವಿ ಆದೆ. ಆಕಿ ಮದಿವ್ಯಾಗ ನನ್ನ ಮಾರಿ ನೋಡಿದಾಕಿನೇ ಅಂಜಿ ಕಣ್ಣ ಮುಚ್ಚಿಬಿಟ್ಟಳು!" ಅತ್ಯಾ ಒಳಗಿನಿಂದಲೇ ಲಟ್ಟಣಿಗೆ ಕುಟ್ಟುತ್ತಿದ್ದಳು. ಬಂದವರು ನಗುತ್ತಿದ್ದರು. ಎಷ್ಟು ಸಲ ಕೇಳಿದರೂ ನಾವೂ ನಗುತ್ತಿದ್ದೆವು.

ಮಾಮಾ ತೀರಿಕೊಂಡ ಮೇಲೆ ಅತ್ಯಾ ಹುಲಸೂರಿನಿಂದ ಬಸವಕಲ್ಯಾಣದ ನಮ್ಮ ಮನೆಗೆ ಬಂದಳು. ಒಂದು ಟ್ರಂಕು, ಈ ಪರಾತ, ಖಾಕಿ ಅಂಗಿ ತೊಟ್ಟ ಮಾಮಾನ ದೊಡ್ಡ ಫೋಟೋ, ಇಷ್ಟೇ ತಂದದ್ದು. ಫೋಟೋವನ್ನು ಪಡಸಾಲೆಯ ಗೋಡೆಗೆ ತೂಗುಹಾಕಿಸಿದಳು. ಅದರ ಬಲಕ್ಕೆ, ಬಾಗಿಲ ಕಡೆ, ಇನ್ನೊಂದು ಮೊಳೆಯನ್ನೂ ಹೊಡೆಸಿದಳು. ಅದು ಖಾಲಿಯೇ ಇತ್ತು. ಅಪ್ಪ ಅದಕ್ಕೆ ಒಮ್ಮೆ ಕೊಡೆ ನೇತುಹಾಕಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.

"ಅಲ್ಲಿ ಏನು ಹಾಕತಿ ಅತ್ಯಾ?" ಎಂದು ಕೇಳಿದೆ.

"ನನ್ನ ಫೋಟೋ. ಕಣ್ಣ ತೆರದದ್ದು. ಅವರು ಹೋಗೂತನ ಅದೇ ಹೇಳಿ ನಕ್ಕೋತ ಹೋದರು, ನನ್ನ ನೋಡಿ ಕಣ್ಣ ಮುಚ್ಚಿದ್ಳು ಅಂತ. ನಾ ಕಣ್ಣ ತುಂಬ ನೋಡೀನವ್ವಾ ಅವರನ್ನ. ಅದು ಗ್ವಾಡಿ ಮ್ಯಾಲ ಬರಬೇಕು."

ಇದನ್ನು ಹೇಳುವಾಗ ಅವಳು ನಗಲಿಲ್ಲ. ನನಗೂ ಮೊದಲ ಸಲ ಆ ಹಳೆಯ ತಮಾಷೆಗೆ ನಗು ಬರಲಿಲ್ಲ.

ಆಗ ನಾನು ಹುಮನಾಬಾದಿನ ಒಂದು ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದೆ. ದಿನಾ ಕಲ್ಯಾಣದಿಂದ ಬಸ್ಸು. ಆ ವರ್ಷ ಫೋಟೋಗ್ರಫಿ ಎಂಬ ಹೊಸ ವಿಷಯ ಬಂದಿತ್ತು. ಪುಸ್ತಕ ಇತ್ತು, ಪರೀಕ್ಷೆ ಇತ್ತು, ಕಲಿಸುವವರು ಮಾತ್ರ ಇರಲಿಲ್ಲ. ಪ್ರಿನ್ಸಿಪಾಲರು ಊರೆಲ್ಲ ಹುಡುಕಿ, ಬಜಾರಿನಲ್ಲಿ ಸ್ಟುಡಿಯೋ ಇಟ್ಟಿದ್ದ ರಶೀದ್ ಚಾಚಾ ಅವರನ್ನು ಕರೆತಂದರು. ಪಾಸ್‌ಪೋರ್ಟ್ ಫೋಟೋ ತೆಗೆದು ತೆಗೆದು ಅರ್ಧ ತಾಲೂಕಿನ ಗದ್ದ ಎತ್ತಿ ಸರಿಮಾಡಿದ ಮನುಷ್ಯ. ಮೊದಲ ದಿನ ಪುಸ್ತಕ ತೆರೆದು ಒಂದು ಪುಟ ಓದಿದರು, ಮುಚ್ಚಿದರು, ಕನ್ನಡಕ ತೆಗೆದರು. "ಬೇಟಾ, ಇದು ನಕ್ಕೋ, ಬ್ಯಾಡ. ನಾ ಹೇಳತೀನಿ ಕೇಳ್ರಿ" ಎಂದರು.

ಅವರು ಹೇಳಿದ್ದು ಇಂದಿಗೂ ಮರೆತಿಲ್ಲ. ಹಿನ್ನೆಲೆ ಮಸುಕಾಗಿಸುವುದನ್ನು ಪುಸ್ತಕದವರು ಮೂರು ಪುಟ ಬರೆದಿದ್ದರು. ಚಾಚಾ ಒಂದೇ ಮಾತಿನಲ್ಲಿ ಮುಗಿಸಿದರು: "ದುಲ್ಹನ್ ಸಾಫ್ ಕಾಣಬೇಕು, ಊಟಕ್ಕ ಬಂದ ಮಂದಿ ಮಬ್ಬು ಕಾಣಬೇಕು. ಅಷ್ಟೇ." ಕೊಡಂಬಲದ ರೈತರೊಬ್ಬರ ಎತ್ತಿನ ಫೋಟೋ ತೆಗೆದುಕೊಂಡು ಹೋಗಿ ಹೆಮ್ಮೆಯಿಂದ ತೋರಿಸಿದೆ. ಎತ್ತಿನ ಮೂತಿ ಚೌಕಟ್ಟಿನ ಅಂಚಿಗೆ ತಾಗಿತ್ತು. "ಎತ್ತು ಗ್ವಾಡಿಗೆ ಹಾಯಾಕತ್ತದಲ್ಲ ಬೇಟಾ! ಯಾರೇ ಇರಲಿ, ಅವರು ನೋಡೂ ಕಡಿ ಜಾಗಾ ಬಿಡಬೇಕು. ನಜರ್ ಹೋಗಾಕ ದಾರಿ ಬೇಕಲ್ಲ?" ಎಂದರು.

ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನನ್ನ ಕಥೆಯೂ ಅಷ್ಟೇ. ಒಂದೊಂದು ವಾರ ಒಂದೊಂದು ಶೈಲಿ, ಒಂದೊಂದು ವಾರ ಮನೆಯವರಿಗೆ ಒಂದೊಂದು ಕಾಟ. ಚೌಕಟ್ಟನ್ನು ಮೂರು ಪಾಲು ಮಾಡಿ ವ್ಯಕ್ತಿಯನ್ನು ಒಂದು ಬದಿಗೆ ಇಡಬೇಕು ಎಂದು ಕಲಿತ ವಾರ ಅಪ್ಪನನ್ನು ಎಲ್ಲ ಫೋಟೋಗಳಲ್ಲೂ ಮೂಲೆಗೆ ತಳ್ಳಿದೆ. "ನನ್ನ ಮನ್ಯಾಗ ನನಗ ಮೂಲೀನೇ ಗತಿ ಏನು?" ಎಂದು ಅಪ್ಪ ಬೇಜಾರು ಮಾಡಿಕೊಂಡರು. ಕಪ್ಪು ಬಿಳುಪಿನ ವಾರ ಮಾಳಿಗೆಯ ಮೇಲೆ ಒಣಹಾಕಿದ ಕೆಂಪು ಮೆಣಸಿನಕಾಯಿಯನ್ನು ತೆಗೆದೆ. ಅವ್ವ ನೋಡಿ, "ಅಯ್ಯ, ಎಲ್ಲಾ ಕರ್ರಗಾಗಿ ಕೆಟ್ಟಾವ!" ಎಂದು ಮಾಳಿಗೆಗೆ ಓಡಿದಳು. ಶಟರನ್ನು ನಿಧಾನ ಮಾಡಿ ಓಡುವ ವಸ್ತುವನ್ನು ಬಣ್ಣದ ಗೆರೆಯಾಗಿಸುವುದನ್ನು ಕಲಿತದ್ದು ಹುಮನಾಬಾದ್ ಬಸ್ ನಿಲ್ದಾಣದಲ್ಲಿ. ಬಸ್ಸೊಂದು ಅದ್ಭುತವಾದ ಕೆಂಪು ಗೆರೆಯಾಗಿ ಬಂತು. ಅದು ನಾನು ಹತ್ತಬೇಕಾಗಿದ್ದ ಬಸ್ಸು ಎಂದು ಅದು ಹೋದ ಮೇಲೆ ತಿಳಿಯಿತು.

ಈ ಎಲ್ಲ ಶೈಲಿಗಳ ನಡುವೆ ಆ ಖಾಲಿ ಮೊಳೆ ನನ್ನನ್ನು ಕರೆಯುತ್ತಿತ್ತು. ಅತ್ಯಾಳ ತೆರೆದ ಕಣ್ಣನ್ನು ನಾನೇ ಹಿಡಿಯುತ್ತೇನೆ ಎಂದು ಮನೆಯಲ್ಲಿ ಸಾರಿಬಿಟ್ಟಿದ್ದೆ. ಕೋಟೆ ಗೆಲ್ಲುವವರೂ ಅಷ್ಟು ಜಂಬ ಕೊಚ್ಚಿರಲಿಕ್ಕಿಲ್ಲ. ಬಟನ್ ಒತ್ತಿಯೇ ಹಿಡಿದರೆ ಸರಸರ ಹತ್ತು ಫೋಟೋ ಬರುವ ವಿದ್ಯೆ ಬಳಸಿದೆ. ಹತ್ತರಲ್ಲೂ ಕಣ್ಣು ಮುಚ್ಚಿದ್ದವು. ದೂರದ ಲೆನ್ಸ್ ಎರವಲು ತಂದು ಮಾಳಿಗೆಯ ಮೇಲಿನಿಂದ, ಅವಳು ಅಂಗಳದಲ್ಲಿ ಬಟ್ಟೆ ಹಿಂಡುವಾಗ, ಕಳ್ಳಿಯ ಹಾಗೆ ಹೊಂಚಿದೆ. ಬೆನ್ನು ತುರಿಸಿತೇನೋ, ತಿರುಗಿ ನೋಡಿದಳು, ಮುಚ್ಚಿದಳು. "ಕಣ್ಣು ಮುಚ್ಚಿಕೊಂಡೇ ಇರು, ಮೂರು ಅಂದ ಕೂಡಲೇ ತೆರಿ" ಎಂಬ ಉಪಾಯವನ್ನೂ ಮಾಡಿದೆ. ಅವಳು ನಾಲ್ಕಕ್ಕೆ ತೆರೆದಳು.

"ಬಿಡು ಸುಮೀ. ನನ್ನ ಹಣೀಬರದಾಗ ಇಲ್ಲ" ಎಂದಳು ಅತ್ಯಾ. ಆ ಮಾತು ನನಗೆ ಚುಚ್ಚಿತು. ಅವಳ ಸಲುವಾಗಿ ಎಂದುಕೊಂಡಿದ್ದೆ, ಈಗ ಯೋಚಿಸಿದರೆ ನನ್ನ ಜಂಬಕ್ಕೂ ಅಷ್ಟೇ ಚುಚ್ಚಿತ್ತು.

ಆಗಲೇ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಪಾಠ ಬಂತು. ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಇದು ದೊಡ್ಡ ವಿದ್ಯೆ. ಬನಿಯನ್ ಮೇಲೆ ಬಂದವರಿಗೆ ಕೋಟು ಟೈ ತೊಡಿಸುತ್ತಾರೆ, ಬರಿಗೊರಳಿಗೆ ಸರ ಹಾಕುತ್ತಾರೆ, ಫೋಟೋಕ್ಕೆ ಬಾರದ ಭಾವನನ್ನು ತಂದು ಸಾಲಿನಲ್ಲಿ ನಿಲ್ಲಿಸುತ್ತಾರೆ. ಮುಚ್ಚಿದ ಕಣ್ಣಿನ ಮೇಲೆ ತೆರೆದ ಕಣ್ಣು ಅಂಟಿಸುವುದೇನು ಮಹಾ? ಅತ್ಯಾಳ ತೆರೆದ ಕಣ್ಣಂತೂ ಜಗತ್ತಿನ ಯಾವ ಫೋಟೋದಲ್ಲಿಯೂ ಇರಲಿಲ್ಲ. ಹೀಗಾಗಿ ಅವ್ವನ ಒಂದು ಫೋಟೋದಿಂದ ಕಣ್ಣು ಕತ್ತರಿಸಿ, ಅತ್ಯಾಳ ಮುಖಕ್ಕೆ ಅಂಟಿಸಿ, ಅಂಚು ತಿಕ್ಕಿ, ಬಣ್ಣ ಕೂಡಿಸಿ, ಅಚ್ಚು ಹಾಕಿಸಿ, ಚೌಕಟ್ಟಿನಲ್ಲಿಟ್ಟು ತಂದೆ. ಚಾಚಾಗೆ ತೋರಿಸಲಿಲ್ಲ. ತೋರಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಅತ್ಯಾ ಫೋಟೋ ಕೈಯಲ್ಲಿ ಹಿಡಿದಳು. ಮೊದಲು ಮುಖ ಅರಳಿತು. ಆಮೇಲೆ ಬಾಗಿಲ ಬೆಳಕಿಗೆ ಒಯ್ದಳು. ಒಮ್ಮೆ ಫೋಟೋ ನೋಡಿದಳು, ಒಮ್ಮೆ ಅಡುಗೆಮನೆಯ ಕಡೆ ನೋಡಿದಳು.

"ಇವು ವೈನಿ ಕಣ್ಣಲ್ಲೇನು?"

ಅಣ್ಣನ ಹೆಂಡತಿಯಾದ ನನ್ನ ಅವ್ವನನ್ನು ಅತ್ಯಾ ವೈನಿ ಎನ್ನುತ್ತಾಳೆ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಎಂದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಶೇಂಗಾ ಚಟ್ನಿಯ ಹಿಂಡಿಗೆ ಬೆಳ್ಳುಳ್ಳಿ ಎಷ್ಟು ಎಂಬುದರ ಮೇಲೆ ಇಡೀ ಮಧ್ಯಾಹ್ನ ಮೌನ ಆಚರಿಸಿದವರು ಅವರು.

"ವೈನೀ, ಹೊರಗ ಬಾ ಇಲ್ಲಿ! ನಾ ಈ ಮನಿಗೆ ಬಂದಾಗಿಂದ ನೀ ನನ್ನ ಗುರಾಯಿಸಿ ನೋಡಿದ್ದು ಸಾಲಲಿಲ್ಲೇನು, ಈಗ ನನ್ನ ಮಾರ್ಯಾಗ ಕುಂತು ನೋಡಾಕತ್ತೀಯಾ?"

ಅವ್ವ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. "ನನ್ನ ಕಣ್ಣ ಯಾರನ್ನ ಕೇಳಿ ತಗೊಂಡಿ?" ಎಂದು ನನಗೆ ಬೈದಳು. ಜಗಳವಾಡುತ್ತಿದ್ದ ಇಬ್ಬರೂ ಅಂದು ಒಂದಾಗಿ ನನ್ನ ಮೇಲೆ ಬಿದ್ದರು. ಆದರೆ ಅತ್ಯಾ ಕೊನೆಗೆ ಫೋಟೋ ಹಿಂದಿರುಗಿಸುತ್ತ ಮೆಲ್ಲಗೆ ಹೇಳಿದ್ದು ನೋವಿನ ಮಾತು: "ನನ್ನ ಕಣ್ಣೀಲೆ ನೋಡಬೇಕಾಗಿತ್ತವ್ವಾ ಅವರನ್ನ. ಮಂದಿ ಕಣ್ಣೀಲೆ ಅಲ್ಲ." ಆ ಮೇಲೆ ಅವಳು ನನ್ನ ಕ್ಯಾಮೆರಾ ಕಂಡರೆ ಎದ್ದು ಒಳಗೆ ಹೋಗತೊಡಗಿದಳು.

ಮರುದಿನ ಚಾಚಾ ಎದುರಿಗೆ ಎಲ್ಲ ಒಪ್ಪಿಕೊಂಡೆ. ಅವರು ಹೊಟ್ಟೆ ಹಿಡಿದು ನಕ್ಕರು. ನಕ್ಕು ಸುಸ್ತಾದ ಮೇಲೆ ಹೇಳಿದರು: "ಸುನೋ ಬೇಟಾ. ನೀ ಆಕಿನ್ನ ಶಿಕಾರಿ ಮಾಡಾಕತ್ತಿ. ಶಿಕಾರಿ ಮಾಡಿದ್ರ ಜಿಂಕಿ ಓಡ್ತದ. ಈಗ ಅದನ್ನ ಬಿಡು. ಕೊನೀ ಅಸೈನ್‌ಮೆಂಟ್ ಮಾಡು, ಬಾಗಿಲ ಬೆಳಕಿನ್ಯಾಗ ಒಂದು ಮುಖ. ನೆರಳು ಬಿದ್ದ ಗಲ್ಲಕ್ಕ ಬೆಳಕು ತಿರುಗಿಸಿ ಕೊಡಬೇಕು." ಬೆಳಕು ತಿರುಗಿಸುವ ಹಾಳೆ ನಮ್ಮ ಹತ್ತಿರ ಇಲ್ಲವಲ್ಲ ಎಂದೆ. "ಮನ್ಯಾಗ ಪರಾತ ಇಲ್ಲೇನು?" ಎಂದರು.

ಪರಾತ ಇತ್ತು. ಅದು ಅತ್ಯಾಳದು, ಮಾಮಾ ತಂದದ್ದು, ಬೇರೆಯವರು ಮುಟ್ಟುವಂತಿಲ್ಲ. ಅವ್ವನೇ ಅದರಲ್ಲಿ ಹಿಟ್ಟು ನಾದುತ್ತಿರಲಿಲ್ಲ. ಎರಡು ದಿನ ಅತ್ಯಾಳ ಹಿಂದೆ ತಿರುಗಿ, ಫೋಟೋ ನಿನ್ನದಲ್ಲ, ಅವ್ವನದು ಎಂದು ಆಣೆ ಮಾಡಿದ ಮೇಲೆ, "ಹಿಟ್ಟಿನ ಪರಾತ ಮಾರಿಗೆ ಹಿಡೀತಾರೇನು? ಬಿದ್ದು ನೆಗ್ಗಿದ್ರ? ನಾನೇ ಹಿಡೀತೀನಿ. ಯಾರ ಕೈಯಾಗೂ ಕೊಡಾಂಗಿಲ್ಲ" ಎಂದಳು.

ಹೀಗೆ ಒಂದು ಭಾನುವಾರ ಬೆಳಿಗ್ಗೆ ಅವ್ವ ಪಡಸಾಲೆಯಲ್ಲಿ ಬಾಗಿಲ ಪಕ್ಕಕ್ಕೆ ಕುಳಿತಳು. ಅವಳೆದುರು, ಹೊಸ್ತಿಲ ಬಿಸಿಲಿನಲ್ಲಿ, ಅತ್ಯಾ ಪರಾತ ಹಿಡಿದು ಕುಳಿತಳು. ಬೆಳಕು ಮೊದಲು ಜಂತಿಗೆ ಹೋಯಿತು, ಅಲ್ಲಿಂದ ಅಪ್ಪನ ಬೋಳುತಲೆಗೆ ಇಳಿಯಿತು, ಅಪ್ಪ ಪೇಪರ್ ಎತ್ತಿಕೊಂಡು ಎದ್ದುಹೋದರು. ಬೆಳಕನ್ನು ಹೀಗೆ ಕೈಯಿಂದ ಓಡಾಡಿಸಬಹುದು ಎಂದು ಗೊತ್ತಾದದ್ದೇ ತಡ, ಅತ್ಯಾ ಚಿಕ್ಕ ಹುಡುಗಿಯಾದಳು. ಅವ್ವನ ಮೂಗಿನ ಮೇಲೆ ಬಿಟ್ಟಳು, ಕಿವಿಯ ಮೇಲೆ ಬಿಟ್ಟಳು.

"ಶಾಂತಾ, ಕಣ್ಣಾಗ ಹೊಡೀಬ್ಯಾಡ!"

"ಸುಮ್ನ ಕುಂದರು ವೈನಿ. ಗದ್ದ ಎತ್ತು. ಅಷ್ಟಲ್ಲ, ಸ್ವಲ್ಪ. ಹಾಂ." ಅತ್ಯಾ ಪರಾತವನ್ನು ತುಸು ವಾರೆ ಮಾಡಿದಳು. ಬೆಳಕು ಅವ್ವನ ನೆರಳಾದ ಗಲ್ಲದ ಮೇಲೆ ಬಂದು ನಿಂತಿತು. ಅತ್ಯಾಳ ಕೈ ನಿಂತಿತು. "ಏ ವೈನಿ," ಎಂದಳು, "ನೀ ಛಂದ ಇದ್ದೀಯಲ್ಲ ಮತ್ತ!"

ನಾನು ಅವ್ವನ ಕಡೆ ಹಿಡಿದಿದ್ದ ಕ್ಯಾಮೆರಾದಿಂದ ಕಣ್ಣು ತೆಗೆದು ಅತ್ಯಾಳನ್ನು ನೋಡಿದೆ. ಅವಳು ಅವ್ವನನ್ನೇ ನೋಡುತ್ತಿದ್ದಳು. ಎರಡೂ ಕಣ್ಣು ಪೂರ್ತಿ ತೆರೆದಿದ್ದವು. ಅಷ್ಟು ದೊಡ್ಡ ಕಣ್ಣು ಎಂದು ನನಗೆ ಗೊತ್ತೇ ಇರಲಿಲ್ಲ. ಕ್ಯಾಮೆರಾ ಎಂಬುದೊಂದು ಲೋಕದಲ್ಲಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ನಾನು ಉಸಿರು ಹಿಡಿದು ಕ್ಯಾಮೆರಾ ತಿರುಗಿಸಿದೆ. ಅತ್ಯಾಳಿಗೆ ಗೊತ್ತಾಗಲಿಲ್ಲ, ಅವ್ವನಿಗೆ ಗೊತ್ತಾಯಿತು. ಅವ್ವ ಬಾಯಿ ಬಿಟ್ಟರೆ ಮುಗಿಯಿತು ಎಂದುಕೊಂಡೆ. ಅವ್ವ ನನ್ನ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ. ಗದ್ದ ಎತ್ತಿಕೊಂಡೇ, "ಶಾಂತಾ, ಈ ಕಡಿ ಗಲ್ಲಕ್ಕ ಬೆಳಕು ಸಾಲವಲ್ದು ನೋಡು. ಛಲೋತ್ನಾಗಿ ನೋಡಿ ಹಿಡಿ" ಎಂದಳು. ಅತ್ಯಾ ಇನ್ನಷ್ಟು ಕಣ್ಣರಳಿಸಿ ನೋಡಿದಳು. ನಾನು ಒತ್ತಿದೆ. ಕದ್ದು ಅಂಟಿಸಿ ನಾನು ಮಾಡಲಾಗದ ಕೆಲಸವನ್ನು ಅವ್ವ ಕುಳಿತಲ್ಲೇ ಮಾಡಿಕೊಟ್ಟಳು.

ಆ ಫೋಟೋ ಅಚ್ಚು ಹಾಕುವಾಗ ಚಾಚಾ ಬಹಳ ಹೊತ್ತು ಅದನ್ನೇ ನೋಡಿದರು. "ನೋಡೂ ಕಡಿ ಜಾಗಾ ಬಿಟ್ಟೀ" ಎಂದರಷ್ಟೇ. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಆ ಮೇಲೆ ಯಾರೂ ಕೊಟ್ಟಿಲ್ಲ.

ಬಸ್ಸಿನಲ್ಲಿ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಅತ್ಯಾ ಈ ಸಲ ಅನುಮಾನದಿಂದಲೇ ಕೈಗೆ ತೆಗೆದುಕೊಂಡಳು.

"ಇವು ಯಾರ ಕಣ್ಣು?"

"ನಿನ್ನವ ಅತ್ಯಾ. ಆಣಿ ಮಾಡಲೇನು?"

ಅವಳು ನಂಬಲಿಲ್ಲ. ಗೂಡಿನಲ್ಲಿದ್ದ ಕನ್ನಡಿ ತಂದು ಒಮ್ಮೆ ಅದರಲ್ಲಿ, ಒಮ್ಮೆ ಫೋಟೋದಲ್ಲಿ ನೋಡಿದಳು. ಅವ್ವ ಬಂದು, "ನನ್ನವು ನನ್ನ ಹತ್ರನೇ ಅವ, ನೋಡಿಕೋ" ಎಂದು ತನ್ನ ಕಣ್ಣು ತೋರಿಸಿದಳು. ಅತ್ಯಾ ಕನ್ನಡಿ ಕೆಳಗಿಟ್ಟಳು. ಸೆರಗಿನಿಂದ ಗಾಜು ಒರೆಸಿದಳು. ಒರೆಸಿದ ಮೇಲೆಯೂ ಒರೆಸುತ್ತಲೇ ಇದ್ದಳು.

ಸ್ಟೂಲ್ ಹಾಕಿಕೊಂಡು ಅವಳೇ ಫೋಟೋವನ್ನು ಆ ಖಾಲಿ ಮೊಳೆಗೆ ಹಾಕಿದಳು. ಇಳಿದು ದೂರ ನಿಂತು ನೋಡಿದಳು. ಮುಖ ಸಪ್ಪಗಾಯಿತು. ಫೋಟೋದಲ್ಲಿ ಅತ್ಯಾ ಬಲಕ್ಕೆ ನೋಡುತ್ತಿದ್ದಾಳೆ. ಮೊಳೆ ಇದ್ದದ್ದು ಮಾಮಾನ ಬಲಕ್ಕೆ. ಗೋಡೆಯ ಮೇಲಿನ ಅತ್ಯಾ ಮಾಮಾನಿಗೆ ಬೆನ್ನು ಕೊಟ್ಟು, ಬಸ್ಸು ಬಂತೇನೋ ಎಂಬಂತೆ ಬಾಗಿಲನ್ನು ನೋಡುತ್ತಿದ್ದಳು.

"ಕಂಪ್ಯೂಟರಿನ್ಯಾಗ ತಿರುವಿ ಕೊಡ್ತೀನಿ ಅತ್ಯಾ, ಒಂದು ನಿಮಿಷದ ಕೆಲಸ. ಎಡಕ್ಕ ನೋಡಿದಂಗ ಆಗ್ತದ" ಎಂದೆ.

"ತಿರುವಿದ್ರ ಮಚ್ಚಿ?"

"ಅದೂ ಎಡಗಲ್ಲಕ್ಕ ಹೋಗ್ತದ."

"ಮತ್ತ ಅವರು ಗುರುತು ಹ್ಯಾಂಗ ಹಿಡಿಬೇಕು? ಬ್ಯಾಡ. ನಿನ್ನ ಕಂಪ್ಯೂಟರ್ ಸಾಕು. ಸುತ್ತಿಗಿ ತಾ."

ಮಾಮಾನ ಎಡಕ್ಕೆ, ಅಡುಗೆಮನೆಯ ಕಡೆ, ಅತ್ಯಾ ತಾನೇ ಹೊಸ ಮೊಳೆ ಹೊಡೆದಳು. ಸುಣ್ಣ ಉದುರಿ ಅವಳ ಕೂದಲ ಮೇಲೆ ಬಿತ್ತು. ಫೋಟೋ ಹಾಕಿ ಇಳಿದಳು. ನಾನು ಬಿಟ್ಟಿದ್ದ ಜಾಗದ ಆಚೆ, ಅವಳ ನೋಟ ಹೋಗಿ ಮುಟ್ಟುವಲ್ಲಿ, ಖಾಕಿ ಅಂಗಿಯ ಮಾಮಾ ನಿಂತಿದ್ದ. ಕೈಯಲ್ಲಿ ಅವನೇ ತಂದುಕೊಟ್ಟ ಪರಾತ, ಬಲಗಲ್ಲದಲ್ಲಿ ಮಚ್ಚಿ, ಎರಡೂ ಕಣ್ಣು ತೆರೆದು, ಅತ್ಯಾ ಅವನನ್ನು ಕಣ್ಣ ತುಂಬ ನೋಡುತ್ತಿದ್ದಳು.

"ಈಗ ಹೇಳ್ರಿ," ಎಂದಳು ಅತ್ಯಾ ಗೋಡೆಗೆ. "ಬಂದವರಿಗೆ ಈಗ ಏನ ಹೇಳ್ತೀರಿ, ಹೇಳ್ರಿ ನೋಡೂಣು."

ಹಳೆಯ ಮೊಳೆಗೆ ಕೊಡೆ ನೇತುಹಾಕಲು ಅಪ್ಪನಿಗೆ ಅಂದೇ ಅನುಮತಿ ಸಿಕ್ಕಿತು. ಮರುದಿನ ಅತ್ಯಾ ಪರಾತವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ನನ್ನ ಮುಂದಿಟ್ಟು, "ಇದು ಇನ್ನ ಹಿಟ್ಟಿನ ಪರಾತ ಅಲ್ಲ, ಬೆಳಕಿನ ಪರಾತ. ನೀ ಇಟ್ಟುಕೋ. ನೆಗ್ಗಿಸಿದ್ರ ನೋಡು ಮತ್ತ!" ಎಂದಳು. ಈಗಲೂ ನಾನು ಮದುವೆಯ ಫೋಟೋ ಕೆಲಸ ಮುಗಿಸಿ ಬಂದ ಕೂಡಲೇ ಅವಳು ಮೊದಲು ಅದರ ಅಂಚನ್ನೇ ಸವರಿ ನೋಡುತ್ತಾಳೆ.

ಇನ್ನೊಂದು ಫೋಟೋ ಇದೆ, ಅದನ್ನು ಯಾರಿಗೂ ತೋರಿಸಿಲ್ಲ. ಅತ್ಯಾ ಗೋಡೆಯ ಜೊತೆ ಮಾತನಾಡುತ್ತಿದ್ದಾಗ ನಾನು ತಡೆಯಲಾರದೆ ಮೊಬೈಲ್ ಎತ್ತಿದ್ದೆ. ಅದೇ ಗಳಿಗೆಗೆ ಅವಳು ತಿರುಗಿದಳು. ಅದರಲ್ಲಿ ಗೋಡೆಯ ಮೇಲೆ ಅತ್ಯಾ ಮಾಮಾನನ್ನು ನೋಡುತ್ತಿದ್ದಾಳೆ. ಕೆಳಗೆ, ಕೈಯಲ್ಲಿ ಸುತ್ತಿಗೆ, ಕೂದಲಲ್ಲಿ ಸುಣ್ಣ, ಮುಖದ ತುಂಬ ನಗು ಹೊತ್ತು ನಿಂತ ಅತ್ಯಾಳ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿವೆ.